ದೊಡ್ಡವರ ಕಾಲದ ಪತ್ರಿಕೆಗಳು

ಮಾರ್ಚ್ 17, ಭಾನುವಾರ

ಪ್ರೀತಿಯ ಅಕ್ಕನಿಗೆ,

ತಮ್ಮನ ನಮಸ್ಕಾರಗಳು. ನಿನ್ನ ಎರಡು ಕಾಗದಗಳು ಬಂದು ಮೇಜಿನ ಮೇಲೆ ಕೂತಿವೆ. ಒಂದಕ್ಕೂ ಉತ್ತರ ಬರೆಯದವನನ್ನು ಮನಸ್ಸಿನಲ್ಲೇ ಎಷ್ಟು ಬೈದುಕೊಂಡಿದ್ದೀಯೋ. ಎರಡನೆಯದರಲ್ಲಿ 'ಬದುಕಿದ್ದೀಯೋ ಇಲ್ಲವೋ, ಅಷ್ಟಾದರೂ ತಿಳಿಸು' ಎಂದು ಬರೆದಿದ್ದೆ. ಬದುಕಿದ್ದೇನೆ. ಮೊಣಕಾಲು ಮಾತ್ರ ನನ್ನನ್ನು ಕೇಳದೆ ನಿವೃತ್ತಿ ತೆಗೆದುಕೊಂಡಿದೆ. ನಮ್ಮ ಮನೆಯವಳ ಕಣ್ಣಿನ ಆಪರೇಷನ್ ಸುಸೂತ್ರವಾಗಿ ಆಯಿತು. ಈಗ ಅವಳಿಗೆ ಕಪಾಟಿನ ಮೇಲಿನ ಧೂಳೂ ಕಾಣುತ್ತದೆ, ನನ್ನ ಕಾಲರಿನ ಕೊಳೆಯೂ ಕಾಣುತ್ತದೆ. ಆಪರೇಷನ್ ಅವಳಿಗೆ, ಕಷ್ಟ ನನಗೆ.

ತಡವಾದದ್ದಕ್ಕೆ ಕಾಲನ್ನೋ ಕಣ್ಣನ್ನೋ ನೆಪ ಹೇಳುವುದಿಲ್ಲ. ಬರೆಯಲು ಕೂತಾಗಲೆಲ್ಲ ನಾಲ್ಕು ಸಾಲಿಗೆ ಕೈ ನಿಂತುಬಿಡುತ್ತಿತ್ತು. ಇವತ್ತು ಮನೆಯಲ್ಲಿ ಯಾರೂ ಇಲ್ಲ. ಇವಳು ತಂಗಿಯ ಮನೆಗೆ ಹೋಗಿದ್ದಾಳೆ. ಬೆಳಿಗ್ಗೆಯೇ ಕೂತಿದ್ದೇನೆ, ಮುಗಿಸಿಯೇ ಏಳುತ್ತೇನೆ.

ನೀನು ಕೇಳಿದ್ದು ನಿಜ. ನನ್ನ ಮಗ ದೊಡ್ಡವರ ಚಿತ್ರ ಹಿಡಿದು ಮೆರವಣಿಗೆಯ ಮುಂದಿನ ಸಾಲಿನಲ್ಲಿ ನಡೆದ. ನಾನೇ ಕಣ್ಣಾರೆ ನೋಡಿದೆ, ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತುಕೊಂಡು. ಆ ಹನ್ನೆರಡು ವರ್ಷ ದೇಶ ಆಳಿದವರ ಹೆಸರು ಹೇಳಲು ಹೆದರಿ ನಾವು 'ದೊಡ್ಡವರು' ಅನ್ನುತ್ತಿದ್ದೆವು, ನೆನಪಿದೆಯಲ್ಲ? ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳುತ್ತಿದ್ದ ಮಾತು ಅದು. ಈಗ ಅದನ್ನೇ ಪ್ರೀತಿಯ ಹೆಸರೆಂದುಕೊಂಡು ಮೈಕಿನಲ್ಲಿ ಕೂಗುತ್ತಾರೆ. ಅದು ನಮ್ಮ ಭಯದ ಹೆಸರು ಎಂದು ಅವರಿಗೆ ಯಾರೂ ಹೇಳಲಿಲ್ಲ.

ಅವನ ಮೇಲೆ ಸಿಟ್ಟಾಗಬೇಡ, ಅಕ್ಕ. ಮೊದಲು ಅವನ ಕಡೆಯದನ್ನು ಕೇಳು. ಪಂಪು ಕಾರ್ಖಾನೆ ಮುಚ್ಚಿ ನಾಲ್ಕು ವರ್ಷವಾಯಿತು. ಭಾವ ಲೇತ್ ಹಿಡಿದಿದ್ದ ಅದೇ ಶೆಡ್ಡಿನಲ್ಲಿ ಇವನು ಫೋರ್‌ಮನ್ ಆಗಿದ್ದ. ನೂರ ಎಂಬತ್ತು ಜನ ಅವನ ಮಾತು ಕೇಳುತ್ತಿದ್ದರು. ಗೇಟಿಗೆ ಬೀಗ ಬಿದ್ದ ಮೇಲೆ ಮೊದಲ ಆರು ತಿಂಗಳು ದಿನಾ ಬೆಳಿಗ್ಗೆ ಗೇಟಿನ ಮುಂದೆ ಹೋಗಿ ನಿಂತು ಬರುತ್ತಿದ್ದ. ಆಮೇಲೆ ಅದನ್ನೂ ಬಿಟ್ಟ. ಗಡ್ಡ ಬೋಳಿಸುವುದು ಬಿಟ್ಟ, ಹೊತ್ತಿಗೆ ಏಳುವುದು ಬಿಟ್ಟ. ಹೆಂಡತಿ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಬರುವಾಗ ಇವನು ಕಿಟಕಿಯ ಬಳಿ ಅದೇ ಕುರ್ಚಿಯಲ್ಲಿ ಕೂತಿರುತ್ತಿದ್ದ. ಅಪ್ಪ ಯಾಕೆ ಮಾತಾಡೋದಿಲ್ಲ ಎಂದು ನನ್ನ ಮೊಮ್ಮಗಳು ಒಮ್ಮೆ ನನ್ನನ್ನು ಕೇಳಿದಳು.

ಹೋದ ವರ್ಷ ಆ ಸಮಿತಿಯವರು ಬಂದರು. 'ಶಿಸ್ತಿನ ದಿನಗಳ ಸಮಿತಿ' ಎಂದು ಹೆಸರು. ನಿಮ್ಮಂಥ ಕೆಲಸ ಬಲ್ಲವರು ನಮಗೆ ಬೇಕು ಎಂದರಂತೆ. ಮಾರನೆಯ ಬೆಳಿಗ್ಗೆ ಬಚ್ಚಲಿನಲ್ಲಿ ರೇಜರಿನ ಸದ್ದು ಕೇಳಿ ನಾನೂ ಇವಳೂ ಮುಖ ಮುಖ ನೋಡಿಕೊಂಡೆವು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟ. ಇವಳು ಅಡುಗೆಮನೆಗೆ ಹೋಗಿ ಅತ್ತಳು, ಖುಷಿಗೆ. ಅವನು ಎಲ್ಲಿಗೆ ಹೋಗುತ್ತಿದ್ದಾನೆಂದು ನನಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಮಗ ಎದ್ದು ನಿಂತನಲ್ಲ, ಯಾರ ಕೈ ಹಿಡಿದು ನಿಂತರೇನು ಅಂದುಕೊಂಡೆ.

ಇನ್ನೂ ಒಂದು ಒಪ್ಪಿಕೊಳ್ಳಬೇಕು. ಕ್ಷೌರದಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಎಲ್ಲ ಕಡೆಯೂ ಈಗ ಅದೇ ಮಾತು. ಆಗ ಔಷಧಿ ಸಿಗುತ್ತಿತ್ತು, ಆಗ ನಲ್ಲಿಯಲ್ಲಿ ನೀರು ಬರುತ್ತಿತ್ತು, ಆಗ ಅಧಿಕಾರಿಗಳಿಗೆ ಹೆದರಿಕೆ ಇತ್ತು. ಕುರ್ಚಿಯಲ್ಲಿ ಕೂತು ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ನಾನೂ ಎಷ್ಟೋ ಸಲ ಹೂಂ ಅಂದಿದ್ದೇನೆ. ಒಮ್ಮೆ 'ಆಗ ಹಾಗಿತ್ತಪ್ಪ' ಎಂದೂ ಅಂದೆ. ಅಂದಮೇಲೆ ಯೋಚಿಸಿದೆ. ಆಗ ನನಗೆ ಇಪ್ಪತ್ತೆಂಟು, ಒಂದೇ ಉಸಿರಿಗೆ ಮೂರು ಮಹಡಿ ಹತ್ತುತ್ತಿದ್ದೆ, ರಾತ್ರಿ ಮಲಗಿದರೆ ನಿದ್ದೆ ಬರುತ್ತಿತ್ತು. ನನ್ನ ಮೊಣಕಾಲಿನ ಒಳ್ಳೆಯತನವನ್ನು ಸರ್ಕಾರದ ಲೆಕ್ಕಕ್ಕೆ ಬರೆದುಬಿಟ್ಟಿದ್ದೆ.

ಜನವರಿಯಲ್ಲಿ ಅವನು ನನ್ನ ಪಕ್ಕ ಬಂದು ಕೂತ. ಎಷ್ಟೋ ದಿನಗಳ ಮೇಲೆ ತಾನಾಗಿ ಬಂದು ಕೂತದ್ದು. ಸಮಿತಿಯವರು ಪುರಸಭೆಯ ಗ್ರಂಥಾಲಯದಲ್ಲಿ ಒಂದು ಪ್ರದರ್ಶನ ಇಡುತ್ತಾರಂತೆ. ಆ ಕಾಲದ ದಿನಪತ್ರಿಕೆಗಳನ್ನು ತೆರೆದಿಟ್ಟು, ಆಗ ದೇಶ ಹೇಗಿತ್ತೆಂದು ಜನರೇ ಓದಿ ತಿಳಿಯಲಿ ಎಂದು. ನಾನು ಮೂವತ್ತಾರು ವರ್ಷ ಅದೇ ಗ್ರಂಥಾಲಯದಲ್ಲಿ ಪುಸ್ತಕ ಕಟ್ಟಿದವನಲ್ಲವೇ, ಯಾವ ಸಂಪುಟ ಎಲ್ಲಿದೆ ಎಂದು ತೋರಿಸಲು ಬರಬೇಕು ಎಂದ. ಮಗ ಕೇಳಿದ ಎನ್ನುವುದೊಂದೇ ಕಾರಣ. ಹೋದೆ.

ಹಳೆಯ ಕಟ್ಟಡ ಹಾಗೇ ಇದೆ. ನೆಲಮಾಳಿಗೆಯ ನನ್ನ ಕೋಣೆಯಲ್ಲಿ ಈಗ ಮುರಿದ ಫ್ಯಾನುಗಳನ್ನು ಪೇರಿಸಿದ್ದಾರೆ. ಈಗಿನ ಗ್ರಂಥಪಾಲಕಿ ಮೂವತ್ತು ದಾಟದ ಹುಡುಗಿ, ಗಟ್ಟಿಗಿತ್ತಿ. ತೋಳುದ್ದದ ಸಂಪುಟಗಳನ್ನು ತಾನೇ ಎದೆಗೆ ಆನಿಸಿಕೊಂಡು ತಂದಿಟ್ಟಳು. ನನ್ನ ರಟ್ಟು, ನನ್ನ ಹೊಲಿಗೆ. ಮುಟ್ಟಿದ ಕೂಡಲೇ ಗುರುತು ಸಿಕ್ಕಿತು. ನಲವತ್ತೈದು ವರ್ಷವಾದರೂ ಒಂದು ದಾರ ಸಡಿಲವಾಗಿಲ್ಲ. ಒಂದು ಕ್ಷಣ ಹೆಮ್ಮೆಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಮಗ ಹಾಳೆ ತಿರುವುತ್ತಾ ಹೋದ. ಅವನ ಮುಖ ಅರಳುತ್ತಾ ಹೋಯಿತು.

"ನೋಡಿ ಅಪ್ಪ, ಇಡೀ ತಿಂಗಳಲ್ಲಿ ಒಂದು ಕೊಲೆ ಇಲ್ಲ. ಒಂದು ಮುಷ್ಕರ ಇಲ್ಲ. ಈಗಿನ ಪೇಪರ್ ತೆಗೆದ್ರೆ ಬರೀ ರಕ್ತ."

ನಾನು ಬಗ್ಗಿ ನೋಡಿದೆ. ನಾಲ್ಕನೆಯ ಪುಟವಾದ ಮೇಲೆ ಏಳನೆಯ ಪುಟ. ನಡುವೆ, ಹೊಲಿಗೆಯ ಬುಡದಲ್ಲಿ, ಬೆರಳಗಲದ ಒಂದು ಅಂಚು ಮಾತ್ರ ಉಳಿದಿತ್ತು. ಬ್ಲೇಡು ಎಲ್ಲಿ ಶುರುವಾಗಿ ಎಲ್ಲಿ ನಿಂತಿದೆ ಎಂದು ನೋಡಿದರೆ ಯಾರ ಕೈ ಎಂದು ಹೇಳಬಲ್ಲೆ. ಅದು ನನ್ನ ಕೈ, ಅಕ್ಕ.

ಇದನ್ನು ನಿನಗೆ ಎಂದೂ ಹೇಳಿರಲಿಲ್ಲ. ಪ್ರತಿ ಶನಿವಾರ ವಾರ್ತಾ ಕಚೇರಿಯಿಂದ ಒಂದು ಮೊಹರು ಹಾಕಿದ ಲಕೋಟೆ ಬರುತ್ತಿತ್ತು. ಒಳಗೆ ಒಂದು ಚೀಟಿ, ಯಾವ ದಿನದ ಪತ್ರಿಕೆ, ಯಾವ ಪುಟ ಎಂದು. ಆಗಿನ ಗ್ರಂಥಪಾಲಕರು ಅದನ್ನು ನನ್ನ ಮೇಜಿನ ಮೇಲಿಟ್ಟು, ಕನ್ನಡಕ ಒರೆಸಿಕೊಳ್ಳುತ್ತಾ ಹೊರಗೆ ಹೋಗುತ್ತಿದ್ದರು. ನಾನು ಆ ಹಾಳೆ ಕತ್ತರಿಸಿ, ಹಿತ್ತಲಲ್ಲಿ ಅಂಟು ಕಾಯಿಸುವ ಒಲೆಗೆ ಹಾಕಿ, ಚೀಟಿಯ ಹಿಂದೆ ಸಹಿ ಮಾಡಿ ಕಳಿಸಬೇಕು. ಮುಂಜಾನೆ ಅಚ್ಚಾಗಿ ಊರಿಗೆಲ್ಲ ಹಂಚಿದ ಮೇಲೆ ಯಾರದೋ ಕಣ್ಣಿಗೆ ಬಿದ್ದು 'ಇದು ಬರಬಾರದಿತ್ತು' ಎನಿಸಿದ ಸುದ್ದಿಗಳು ಅವು. ಗಲ್ಲಿಗಳಲ್ಲಿ ಪೊಲೀಸರು ಪತ್ರಿಕೆ ವಾಪಸು ಕೇಳುತ್ತಿದ್ದರು, ಗ್ರಂಥಾಲಯದಲ್ಲಿ ನಾನು ಕತ್ತರಿಸುತ್ತಿದ್ದೆ.

ಗ್ರಂಥಪಾಲಕಿಯ ಕಣ್ಣಿಗೂ ಆ ಅಂಚು ಬಿತ್ತು. ಇಲ್ಲಿ ಹಾಳೆ ಹೋಗಿದೆಯಲ್ಲ ಸಾರ್, ಯಾಕಿರಬಹುದು ಎಂದು ನನ್ನನ್ನೇ ಕೇಳಿದಳು. ಹುಳ ತಿಂದಿರಬೇಕು ಎಂದೆ. ಹುಳ ಗೆರೆ ಎಳೆದ ಹಾಗೆ ನೇರವಾಗಿ ತಿನ್ನುತ್ತದೆಯೇ? ಅವಳು ಮತ್ತೆ ಕೇಳಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ ಆ ಅಂಚಿನ ಮೇಲೆ ಬೆರಳಾಡಿಸಿದಳು.

ಆ ನೋಟ ಎರಡು ದಿನ ನನ್ನನ್ನು ಕುಟುಕಿತು. ಮೂರನೆಯ ದಿನ ಊಟ ಮುಗಿದ ಮೇಲೆ, ಸೊಸೆ ಮಗಳನ್ನು ಕರೆದುಕೊಂಡು ಒಳಗೆ ಹೋದ ಮೇಲೆ, ಮಗನಿಗೆ ಎಲ್ಲ ಹೇಳಿದೆ. ಕತ್ತರಿಸಿದ ಹಾಳೆಗಳ ವಿಷಯ ಹೇಳಿದೆ. ಭಾವನ ವಿಷಯವನ್ನೂ ಹೇಳಿದೆ. ಹೇಳಬಾರದೆಂದು ನಾವಿಬ್ಬರೂ ಮಾತಾಡಿಕೊಂಡದ್ದು ನಿಜ. ಆಗ ಮಕ್ಕಳು ಚಿಕ್ಕವು, ಶಾಲೆಯಲ್ಲಿ ಬಾಯಿ ತಪ್ಪಿದರೆ ಗತಿಯೇನು ಎಂದು 'ಹಡಗಿನ ಕೆಲಸಕ್ಕೆ ಹೋಗಿದ್ದಾರೆ' ಅಂದೆವು. ಆಮೇಲೆ ಆ ಹಡಗು ತೀರಕ್ಕೆ ಬರಲೇ ಇಲ್ಲ. ಕಾಲೇಜಿನಲ್ಲಿದ್ದಾಗ ಇವನು, ಮಾವ ಅಲ್ಲೇ ಯಾರನ್ನೋ ಕಟ್ಟಿಕೊಂಡಿರಬೇಕು ಎಂದು ತಮಾಷೆ ಮಾಡಿದ್ದ, ನಿನ್ನೆದುರಿಗೇ. ನೀನು ನಕ್ಕು ಎದ್ದುಹೋದೆ. ನಾನು ಅವನನ್ನು ಗದರಲೂ ಇಲ್ಲ, ತಿದ್ದಲೂ ಇಲ್ಲ.

ಎಲ್ಲವನ್ನೂ ಹೇಳಿದೆ. ಎರಕದ ಮನೆಯಲ್ಲಿ ಇಬ್ಬರು ಸುಟ್ಟು ಸತ್ತಾಗ ಭಾವ ಅರ್ಜಿ ಬರೆದು ಮೂವತ್ತು ಜನರ ಸಹಿ ಹಾಕಿಸಿದ್ದು, ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ಗೇಟಿನಲ್ಲೇ ಇಬ್ಬರು ಬಂದು, ಐದು ನಿಮಿಷ ಮಾತಾಡಬೇಕು ಎಂದು ಜೀಪು ಹತ್ತಿಸಿಕೊಂಡದ್ದು, ಊಟದ ಡಬ್ಬಿಯನ್ನು ಯಾರೋ ನಿನಗೆ ತಂದುಕೊಟ್ಟದ್ದು. ಪ್ರತಿ ಮಂಗಳವಾರ ನೀನು ವಿಚಾರಣಾ ಕಚೇರಿಯ ಗೇಟಿನ ಮುಂದೆ ನಿಲ್ಲುತ್ತಿದ್ದದ್ದು, ಕಿಟಕಿಯೊಳಗಿನವನು ತಲೆಯೆತ್ತದೆ 'ಮುಂದಿನ ವಾರ' ಅನ್ನುತ್ತಿದ್ದದ್ದು.

ಅವನು ಮೇಜಿನ ಮೇಲಿನ ಲೋಟವನ್ನೇ ನೋಡುತ್ತಿದ್ದ. "ಇದಕ್ಕೆಲ್ಲ ಎಷ್ಟು ವರ್ಷ ಆಯ್ತು?" ಎಂದ.

"ನಲವತ್ತೈದು."

"ಈಗ ಹೇಳ್ತಿದೀರಿ."

"ಹೆದರಿಕೆ ಕಣೋ," ಎಂದೆ.

"ಆ ಸರ್ಕಾರ ಬಿದ್ದೇ ಮೂವತ್ತೆಂಟು ವರ್ಷ ಆಯ್ತಲ್ಲ ಅಪ್ಪ. ಆಮೇಲೆ ಯಾರ ಹೆದರಿಕೆ?"

ನಾನು ಮೇಜು ಒರೆಸತೊಡಗಿದೆ. ಅವನೇ ಮುಂದುವರಿಸಿದ. ದನಿ ಏರಿಸಲಿಲ್ಲ, ಏರಿಸಿದ್ದರೆ ಎಷ್ಟೋ ಚೆನ್ನಾಗಿತ್ತು.

"ಆಗ ಹೇಗಿತ್ತು ಅಂತ ಚಿಕ್ಕವನಿದ್ದಾಗ ನಿಮ್ಮನ್ನ ಕೇಳ್ತಿದ್ದೆ. ಚೆನ್ನಾಗಿತ್ತು ಮಗಾ ಅಂತಿದ್ರಿ. ಬೀದಿ ದೀಪ ಉರೀತಿತ್ತು ಅಂದ್ರಿ. ಶಾಲೇಲಿ ಹಾಲು ಕೊಡ್ತಿದ್ರು ಅಂದ್ರಿ. ನಾನಾಗಿ ಏನೂ ಕಟ್ಟಿಲ್ಲ. ನೀವು ಮನೇಲಿ ಹೇಳಿದ್ದನ್ನ ನಾನು ಮೈಕಲ್ಲಿ ಹೇಳ್ತಿದೀನಿ, ಅಷ್ಟೇ. ನಿಮ್ಮನ್ನ ನಂಬಿದ್ದು ನನ್ನ ತಪ್ಪಾ?"

ಇವಳು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವನು ಎದ್ದು ಹೋದ ಮೇಲೆ, ಸರಿಯಾಗಿಯೇ ಕೇಳಿದ ಎಂದಳು.

ಇಷ್ಟಾದರೂ ಅವನು ಸಮಿತಿ ಬಿಡಲಿಲ್ಲ. ಬಿಟ್ಟರೆ ಮತ್ತೆ ಆ ಕಿಟಕಿಯ ಕುರ್ಚಿಯೇ ಗತಿ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಒಂದು ಮನೆಯಲ್ಲಿ ಒಂದು ತಪ್ಪು ನಡೆದಿರಬಹುದು, ಅದಕ್ಕೆ ಇಡೀ ಕಾಲವನ್ನು ಕೆಟ್ಟದ್ದು ಅನ್ನೋಕಾಗುತ್ತಾ ಎಂದು ತಾಯಿಯ ಹತ್ತಿರ ಹೇಳಿದನಂತೆ.

ಪ್ರದರ್ಶನ ಫೆಬ್ರುವರಿಯ ಎರಡನೆಯ ಭಾನುವಾರ ಶುರುವಾಯಿತು. ಬೆಳಿಗ್ಗೆ ಹನ್ನೊಂದಕ್ಕೆ ಓದುವ ಹಾಲಿನಲ್ಲೇ ಚರ್ಚೆ. 'ಅಂದು ಚೆನ್ನಾಗಿತ್ತೇ, ಇಂದು ಚೆನ್ನಾಗಿದೆಯೇ?' ಎಂದು ಬ್ಯಾನರು. ಕೂರಲು ಜಾಗವಿಲ್ಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಅಂದಿನ ಪರವಾಗಿ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರು ಮಾತಾಡಿದರು. ಒಳ್ಳೆಯ ಕಂಠ, ಒಳ್ಳೆಯ ಮಾತು. ಇಂದಿನ ಪರವಾಗಿ ಬಂದಿದ್ದ ವಕೀಲೆ ಅಂಕಿಅಂಶ ಓದುತ್ತಾ ಹೋದಳು. ಪಾಪ, ಅವಳು ಹೇಳಿದ್ದೆಲ್ಲ ನಿಜವೇ ಇರಬೇಕು, ಆದರೆ ಎರಡು ದಿನದಿಂದ ನೀರು ಬಾರದ ಊರಿನಲ್ಲಿ ಆ ಅಂಕಿಗಳನ್ನು ಯಾರು ಕೇಳುತ್ತಾರೆ? ಜನ ಕೆಮ್ಮಿದರು, ಗೊಣಗಿದರು, ಕೂರಮ್ಮಾ ಎಂದರು. ನನ್ನ ಮಗ ವೇದಿಕೆಯ ಕೊನೆಯ ಕುರ್ಚಿಯಲ್ಲಿದ್ದ. ಮುಂದೆ ಉದ್ದನೆಯ ಮೇಜುಗಳ ಮೇಲೆ ನಾನು ಕಟ್ಟಿದ ಸಂಪುಟಗಳು ತೆರೆದು ಬಿದ್ದಿದ್ದವು.

ಸಭಿಕರಲ್ಲಿ ಯಾರಾದರೂ ಮಾತಾಡುವುದಿದೆಯೇ ಎಂದು ಕೇಳಿದಾಗ ನಾನು ಎದ್ದೆ. ಯಾಕೆ ಎದ್ದೆ ಎಂದು ಈಗಲೂ ಗೊತ್ತಿಲ್ಲ. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡೆ. ನಾನು ಇಲ್ಲಿ ಪುಸ್ತಕ ಕಟ್ಟುತ್ತಿದ್ದವನು, ಈ ಸಂಪುಟಗಳನ್ನು ಹೊಲಿದವನೂ ನಾನೇ, ಇವುಗಳಿಂದ ಹಾಳೆ ಕತ್ತರಿಸಿದವನೂ ನಾನೇ ಎಂದೆ. ನೀವು ಓದುತ್ತಿರುವುದು ನಾನು ಉಳಿಸಿದ್ದನ್ನು ಮಾತ್ರ ಎಂದೆ. ಪುಟದ ಸಂಖ್ಯೆ ನೋಡುತ್ತಾ ಹೋಗಿ, ಎಲ್ಲೆಲ್ಲಿ ಹಾರುತ್ತದೋ ಅಲ್ಲೆಲ್ಲ ಬೆರಳಿಟ್ಟು ನೋಡಿ ಎಂದೆ. ಒಬ್ಬಿಬ್ಬರು ನಿಜಕ್ಕೂ ಎದ್ದು ಮೇಜಿನ ಹತ್ತಿರ ಹೋದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ನನ್ನ ಭಾವ ಪಂಪು ಕಾರ್ಖಾನೆಯಲ್ಲಿದ್ದರು, ಊಟದ ಹೊತ್ತಿಗೆ ಕರೆದುಕೊಂಡು ಹೋದರು, ಅಲ್ಲೇ ಸತ್ತರು ಎಂದುಬಿಟ್ಟೆ.

ಮುಖ್ಯೋಪಾಧ್ಯಾಯರು ಮೆತ್ತಗೆ ಮೈಕು ಹತ್ತಿರ ಎಳೆದುಕೊಂಡರು.

"ಹಿರಿಯರು ನೀವು, ನಿಮ್ಮ ನೋವು ಅರ್ಥ ಆಗುತ್ತೆ. ಹಾಳೆ ಹೇಗೆ ಹೋಯ್ತೋ, ಬಿಡಿ. ಸತ್ತರು ಅಂದ್ರಲ್ಲ, ಅದು ನಿಮಗೆ ಹೇಗೆ ಗೊತ್ತು? ಯಾರಾದರೂ ನೋಡಿದ್ರಾ? ಕಾಗದ ಬಂತಾ? ಮನೆ ಬಿಟ್ಟು ಹೋದವರು ಎಲ್ಲೋ ಸುಖವಾಗಿ ಇರಬಾರದಾ?"

ಯಾರೋ ನಕ್ಕರು. ನಾನು ಉತ್ತರ ಕೊಡಲಿಲ್ಲ. ಕೂತುಬಿಟ್ಟೆ.

ಅಧ್ಯಕ್ಷರು ನನ್ನ ಮಗನ ಕಡೆ ತಿರುಗಿ, ಇವರು ನಿಮ್ಮ ತಂದೆಯವರಲ್ಲವೇ ಎಂದರು. ಅವನು ಎದ್ದು ನಿಂತ. ಸಭೆಯವರೆಲ್ಲ ಅವನನ್ನೇ ನೋಡುತ್ತಿದ್ದರು. ಅವನು ನನ್ನನ್ನು ನೋಡಲಿಲ್ಲ.

"ಹೌದು. ಅಪ್ಪನಿಗೆ ಈಚೆಗೆ ನೆನಪು ಸ್ವಲ್ಪ ಕೈಕೊಡ್ತಿದೆ. ದಯವಿಟ್ಟು ಯಾರೂ ತಪ್ಪು ತಿಳ್ಕೋಬೇಡಿ," ಎಂದ.

ಜನರಿಗೆ ಸಮಾಧಾನವಾಯಿತು. ಮೇಜಿನ ಹತ್ತಿರ ಹೋಗಿದ್ದವರೂ ಬಂದು ಕೂತರು. ಪಕ್ಕದವನೊಬ್ಬ ನನ್ನ ಕೈಗೆ ನೀರಿನ ಲೋಟ ಕೊಟ್ಟ, ರೋಗಿಗೆ ಕೊಡುವ ಹಾಗೆ. ಕೊನೆಯಲ್ಲಿ ಕೈ ಎತ್ತಿಸಿದರು. ಅಂದು ಚೆನ್ನಾಗಿತ್ತು ಎಂದು ಎತ್ತಿದ ಕೈಗಳನ್ನು ಎಣಿಸುವ ಅಗತ್ಯವೇ ಬೀಳಲಿಲ್ಲ.

ಹೊರಗೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಒಬ್ಬ ಹೆಂಗಸು ನನಗಾಗಿ ಕಾದಿದ್ದಳು. ಐವತ್ತರ ಆಸುಪಾಸು. ದರ್ಜಿ ಇರಬೇಕು, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ತನ್ನ ತಂದೆಯನ್ನೂ ಹಾಗೆ ಕರೆದುಕೊಂಡು ಹೋದರು, ತನಗೆ ಆರು ವರ್ಷ ಎಂದಳು. ಆ ಹಾಳೆಗಳಲ್ಲಿ ಹೆಸರುಗಳು ಇರುತ್ತಿದ್ದವೇ ಎಂದು ಕೇಳಿದಳು. ಕೆಲವು ಸಲ ಇರುತ್ತಿದ್ದವು ಎಂದೆ. ತಂದೆಯ ಹೆಸರು ಹೇಳಿದಳು. ನನಗೆ ನೆನಪಿರಲಿಲ್ಲ. ಓದದೆ ಸುಟ್ಟ ಹಾಳೆಗಳೇ ಹೆಚ್ಚು, ತಾಯಿ. ಓದಿದರೆ ಕೈ ನಡೆಯುತ್ತಿರಲಿಲ್ಲ ಎಂದೆ.

ಬೈಯುತ್ತಾಳೆ ಅಂದುಕೊಂಡೆ. ಅವಳು ಟೇಪನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು.

"ಅಮ್ಮ ಸಾಯೋವರೆಗೂ ಬಾಗಿಲಿಗೆ ಚಿಲಕ ಹಾಕಲಿಲ್ಲ. ಯಾರಾದ್ರೂ ಒಬ್ಬರು ಬಂದು, ಇಲ್ಲಮ್ಮ ಅವರು ಹೋದ್ರು ಅಂತ ಹೇಳಿದ್ದಿದ್ರೆ, ಅತ್ತು ಮುಗಿಸಿ ಮಲಗ್ತಿದ್ಲು," ಎಂದಳು.

ಅವಳು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಮಗ ಹೇಳಿದ್ದು ಅಷ್ಟರಮಟ್ಟಿಗೆ ನಿಜ.

ಆಮೇಲಿನದನ್ನು ಚುಟುಕಾಗಿ ಹೇಳುತ್ತೇನೆ. ಮಾರನೆಯ ವಾರ ನಮ್ಮ ಬಾಗಿಲಿಗೆ ಯಾರೋ ಟಾರು ಬಳಿದರು. ಇವಳು ಸೀಮೆಎಣ್ಣೆ ಹಾಕಿ ಉಜ್ಜಿದಳು, ಕಲೆ ಹೋಗಿಲ್ಲ. ಗ್ರಂಥಪಾಲಕಿ ಹಾಳೆ ಇಲ್ಲದ ಜಾಗಗಳಲ್ಲೆಲ್ಲ ಒಂದೊಂದು ಬಿಳಿ ಚೀಟಿ ಇಟ್ಟಿದ್ದಳಂತೆ. ಅವಳಿಗೆ ವರ್ಗವಾಯಿತು. ಸಂಪುಟಗಳನ್ನು ದುರಸ್ತಿಗೆ ಎಂದು ಲಾರಿಯಲ್ಲಿ ಒಯ್ದಿದ್ದಾರೆ. ಎಲ್ಲಿಗೆ ಎಂದು ಯಾರಿಗೂ ತಿಳಿಯದು. ಮಗ ಸಮಿತಿಯವರು ಕೊಡಿಸಿದ ಮನೆಗೆ ಹೆಂಡತಿ ಮಗಳ ಸಮೇತ ಹೋದ. ಜಗಳವಾಡಿ ಹೋಗಲಿಲ್ಲ. ಗ್ಯಾಸ್ ಸಿಲಿಂಡರ್ ಬದಲಾಯಿಸಿಕೊಟ್ಟು, ನನ್ನ ಮಾತ್ರೆಗಳನ್ನು ತಿಂಗಳಿಗಾಗುವಷ್ಟು ತಂದಿಟ್ಟು ಹೋದ. ಹೊಸ್ತಿಲು ದಾಟುವಾಗ, ಅತ್ತೆಗೆ ಏನೂ ಬರೀಬೇಡಿ, ಅವರಾದರೂ ನೆಮ್ಮದಿಯಾಗಿರಲಿ ಎಂದ. ಅವನ ಮಟ್ಟಿಗೆ ಅದು ಪ್ರೀತಿಯೇ. ನಾನು ಅವನಿಗೆ ಕಲಿಸಿದ ಪ್ರೀತಿ ಇದೇ ತರಹದ್ದು.

ಬರುವ ತಿಂಗಳು ಚುನಾವಣೆ. ಸಮಿತಿಯವರ ಕಡೆಯವರೇ ಗೆಲ್ಲುತ್ತಾರೆ. ಇವಳಿಗೂ ಅದರಲ್ಲಿ ಅನುಮಾನವಿಲ್ಲ.

ನೀನು ಆರೋಗ್ಯ ನೋಡಿಕೋ. ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡ. ನಿನ್ನ ಮಗಳಿಗೂ ಮೊಮ್ಮಕ್ಕಳಿಗೂ ನನ್ನ ಆಶೀರ್ವಾದ. ಅವರು ಏನೇ ಕೇಳಿದರೂ ಇದ್ದದ್ದನ್ನು ಇದ್ದ ಹಾಗೆ ಹೇಳು, ಇದೊಂದು ನನ್ನ ಬೇಡಿಕೆ. ಅಮ್ಮ ಹೋದಾಗ ನನಗೆ ಎಂಟು ವರ್ಷ. ಅಂದಿನಿಂದ ನನಗೆ ತಲೆ ಬಾಚಿದ ಕೈ ನಿನ್ನದು. ಆ ಕೈಗೆ ಇಲ್ಲಿಂದಲೇ ನಮಸ್ಕಾರ. ನನ್ನನ್ನು ಹರಸು ಎಂದು ಕೇಳಲು ಈ ಸಲ ನಾಲಿಗೆ ಏಳುತ್ತಿಲ್ಲ. ಯಾಕೆಂದು ಕೆಳಗೆ ಬರೆದಿದ್ದೇನೆ.

ನಿನ್ನ ತಮ್ಮ

ಮರೆತದ್ದಲ್ಲ, ಬರೆಯಲಾಗದೆ ಕೊನೆಗೆ ಉಳಿಸಿಕೊಂಡದ್ದು:

ಮುಖ್ಯೋಪಾಧ್ಯಾಯರ ಪ್ರಶ್ನೆಗೆ ನನ್ನ ಬಳಿ ಉತ್ತರ ಇತ್ತು. ಅದನ್ನು ಅಷ್ಟು ಜನ ಕೇಳುವ ಮೊದಲು ನೀನು ಕೇಳಬೇಕಿತ್ತು, ಅದಕ್ಕೆ ಕೂತುಬಿಟ್ಟೆ.

ಭಾವನನ್ನು ಕರೆದುಕೊಂಡು ಹೋಗಿ ಐದು ತಿಂಗಳಾಗಿತ್ತು. ಆ ಶನಿವಾರದ ಚೀಟಿಯಲ್ಲಿ ಒಂದೇ ಪುಟ ಇತ್ತು. ಕತ್ತರಿಸುವಾಗ ಕಣ್ಣು ತಪ್ಪಿ ಅದರ ಮೇಲೆ ಬಿತ್ತು. ಕೆಳಗಿನ ಮೂಲೆಯಲ್ಲಿ ಸಣ್ಣಕ್ಷರದ ಪ್ರಕಟಣೆ. ಬಂಧನದಲ್ಲಿ ಕಾಯಿಲೆಯಿಂದ ಮೃತರಾದವರು ಎಂದು ಹನ್ನೊಂದು ಹೆಸರು, ಸಂಬಂಧಿಕರು ಹದಿನೈದು ದಿನದೊಳಗೆ ಬಂದರೆ ದೇಹ ಎಲ್ಲಿದೆಯೆಂದು ತಿಳಿಸಲಾಗುವುದು ಎಂದು ಒಂದು ಸಾಲು. ಯಾವನೋ ಗುಮಾಸ್ತ ನಿಯಮದಂತೆ ಅಚ್ಚಿಗೆ ಕಳಿಸಿಬಿಟ್ಟಿದ್ದ. ಏಳನೆಯ ಹೆಸರು ಭಾವನದು. ತಂದೆಯ ಹೆಸರು, ಕಾರ್ಖಾನೆ, ವಯಸ್ಸು, ಎಲ್ಲ ಸರಿಯಾಗಿತ್ತು. ಸತ್ತ ತಾರೀಕೂ ಇತ್ತು.

ನಾನು ಅದನ್ನು ಒಲೆಗೆ ಹಾಕಿದೆ. ಚೀಟಿಯ ಹಿಂದೆ ಸಹಿ ಮಾಡಿದೆ. ಮನೆಗೆ ಬಂದಾಗ ನೀನು ಅವರ ಸ್ವೆಟರಿನ ತೋಳು ಬಿಚ್ಚಿ ಮತ್ತೆ ಹೆಣೆಯುತ್ತಿದ್ದೆ, ಚಳಿಗಾಲಕ್ಕೆ ಮೊದಲು ಬಿಡಬಹುದು ಎಂದು. ನಿನಗೆ ಹೇಳಿದರೆ ನೀನು ಕಚೇರಿಗೆ ಹೋಗಿ ಕೇಳುತ್ತೀಯ, ವಾಪಸು ತೆಗೆದುಕೊಂಡ ಸುದ್ದಿ ಹೇಗೆ ಗೊತ್ತಾಯಿತು ಎಂದು ಅವರು ಕೇಳುತ್ತಾರೆ, ಆಮೇಲೆ ನನಗೆ ಜೀಪು ಬರುತ್ತದೆ. ನನ್ನ ಮಗನಿಗೆ ಆಗ ಒಂದು ವರ್ಷ. ಹದಿನೈದು ದಿನ ಹೀಗೆ ಯೋಚಿಸುತ್ತಲೇ ಕಳೆದೆ. ಆ ಗಡುವು ಮುಗಿದ ಮೇಲೆ ಮಂಗಳವಾರ ಬಂತು. ನಿನ್ನ ಜೊತೆ ಗೇಟಿಗೆ ಬಂದು ಬಿಸಿಲಿಗೆ ಕೊಡೆ ಹಿಡಿದುಕೊಂಡು ನಿಂತೆ.

ಅಲ್ಲಿಯವರೆಗೆ ಹೆದರಿಕೆ, ಒಪ್ಪಿಕೊಳ್ಳುತ್ತೇನೆ. ಆದರೆ ಸರ್ಕಾರ ಬಿದ್ದು ಜೈಲುಗಳ ಬಾಗಿಲು ತೆರೆದಾಗ, ಲಾರಿಗಳಲ್ಲಿ ಜನ ವಾಪಸು ಬಂದು ಇಳಿದಾಗ, ನೀನು ಫೋಟೊ ಹಿಡಿದು ಮೂರು ದಿನ ಬಸ್ ನಿಲ್ದಾಣದಲ್ಲಿ ನಿಂತೆ. ಇಳಿದವರಿಗೆಲ್ಲ ಫೋಟೊ ತೋರಿಸಿದೆ. ನಾನು ಪಕ್ಕದಲ್ಲೇ ಇದ್ದೆ, ನಾನೂ ತೋರಿಸಿದೆ. ಆಗ ನನಗಿದ್ದದ್ದು ಹೆದರಿಕೆಯಲ್ಲ, ನಾಚಿಕೆ. ಮಗನ ಪ್ರಶ್ನೆಗೆ ಇದೇ ಉತ್ತರ. ಅವನಿಗೆ ಹೇಳಲಾಗಲಿಲ್ಲ.

ಹೋದ ಕಾಗದದಲ್ಲೂ ನೀನು 'ಅವರಿಗೆ ಈ ವರ್ಷ ಎಂಬತ್ತು ತುಂಬುತ್ತದೆ' ಎಂದು ಬರೆದಿದ್ದೆ. ತುಂಬುವುದಿಲ್ಲ ಅಕ್ಕ. ಅವರು ಹೋದದ್ದು ಆ ವರ್ಷದ ಸೆಪ್ಟೆಂಬರ್ ಒಂಬತ್ತನೇ ತಾರೀಕು, ಸೋಮವಾರ. ಅವರಿಗೆ ಮೂವತ್ತೈದು.